ಶನಿವಾರ ಯಾರ ಹೊಲದಲ್ಲಿದೆ? ಇಂಗ್ಲಿಷಿನ ‘ದಟ್’ ಎಂಬ ಬದುವಿನ ಬಗ್ಗೆ

ಧಾರವಾಡದ ಸಪ್ತಾಪುರ ಊರಿಗಿಂತ ಮೊದಲೇ ಏಳುತ್ತದೆ. ಬೆಳಗಿನ ಜಾವ ಅಲ್ಲಿ ಓಡಾಡಿದವರಿಗೆ ಇದು ಗೊತ್ತು. ಬ್ಯಾಗು ಹೊತ್ತ ಹುಡುಗ ಹುಡುಗಿಯರು ಕತ್ತಲಲ್ಲೇ ಹೊರಟಿರುತ್ತಾರೆ. ಕೆಎಎಸ್, ಪಿಎಸ್‌ಐ, ಬ್ಯಾಂಕ್, ರೈಲ್ವೆ ಅಂತ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಗದಗ, ಹಾವೇರಿ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದು ರೂಮು ಮಾಡಿಕೊಂಡವರು. ರೂಮಿನಲ್ಲಿ ಓದಲು ಜಾಗ ಸಾಲುವುದಿಲ್ಲ. ಹಾಗಾಗಿ ತಿಂಗಳಿಗೆ ಇಷ್ಟು ಅಂತ ಕಟ್ಟಿ ಓದುವ ಲೈಬ್ರರಿಯಲ್ಲಿ ಒಂದು ಕುರ್ಚಿ ಹಿಡಿಯುತ್ತಾರೆ. ಅಂಥ ಕೆಲವರಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ.

ಹೋದ ಡಿಸೆಂಬರಿನ ಒಂದು ಶುಕ್ರವಾರ. ಐದು ಗಂಟೆಗೆ ವಾಕಿಂಗ್ ಹೊರಟಿದ್ದೆ. ಒಂದು ಲೈಬ್ರರಿಯ ಶಟರ್ ಮುಂದೆ ಏಳೆಂಟು ಮಂದಿ ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದರು. ಎದುರಿನ ಚಹಾದ ಅಂಗಡಿ ಇನ್ನೂ ತೆರೆದಿರಲಿಲ್ಲ. ಕೇಳಿದರೆ, ನಾಲ್ಕು ಗಂಟೆಯಿಂದ ಕಾಯುತ್ತಿದ್ದಾರಂತೆ. ಒಬ್ಬ ಹುಡುಗ ಮೊಬೈಲ್ ತೆಗೆದು ತೋರಿಸಿದ. ಲೈಬ್ರರಿ ನೋಡಿಕೊಳ್ಳುವ ಹುಡುಗ ಹಿಂದಿನ ರಾತ್ರಿ ವಾಟ್ಸಾಪ್ ಗ್ರೂಪಿಗೆ ಹೀಗೆ ಹಾಕಿದ್ದ:

“ದ ಓನರ್ ಟೋಲ್ಡ್ ಮೀ ಆನ್ ಸ್ಯಾಟರ್ಡೇ ದ ಲೈಬ್ರರಿ ವಿಲ್ ಓಪನ್ ಅಟ್ ಫೋರ್ ಎಎಂ.”

“ಓನರ್ ಹೋದ ಶನಿವಾರ ಹೇಳ್ಯಾರ, ಇನ್ಮ್ಯಾಲೆ ದಿನಾ ನಾಲ್ಕಕ್ಕ ತೆಗೀತಾರ ಅಂತ ತಿಳ್ಕೊಂಡ್ವಿರಿ ಸರ” ಅಂದ. ಉಳಿದ ಅರ್ಧ ಮಂದಿ ಅದೇ ಮೆಸೇಜನ್ನು ಬೇರೆ ಥರ ಓದಿದ್ದರು. ‘ಬರುವ ಶನಿವಾರ ನಾಲ್ಕಕ್ಕೆ ತೆಗೀತಾರೆ, ಹಾಗಂತ ಓನರ್ ಹೇಳಿದ್ದಾರೆ.’ ಅವರು ಶುಕ್ರವಾರ ರೂಮಿನಲ್ಲಿ ಬೆಚ್ಚಗೆ ಮಲಗಿದ್ದರು. ಓನರ್ ಹೇಳಿದ್ದೂ ಅದನ್ನೇ. ಶನಿವಾರ ಒಂದು ಮಾಕ್ ಟೆಸ್ಟ್ ಇತ್ತು, ಆ ಒಂದು ದಿನ ಮಾತ್ರ ಬೇಗ ತೆರೆಯುವುದಿತ್ತು.

ಚಳಿಯಲ್ಲಿ ಕೂತವರು ಓದಿದ್ದೂ ತಪ್ಪಲ್ಲ. ಮೆಸೇಜಿನಲ್ಲಿ ಸ್ಪೆಲಿಂಗ್ ಸರಿ ಇದೆ, ಟೆನ್ಸ್ ಸರಿ ಇದೆ. ಎರಡೂ ಅರ್ಥ ಅದರಲ್ಲಿ ಇವೆ. ಬಿಟ್ಟುಹೋಗಿದ್ದು ಒಂದೇ ಒಂದು ಸಣ್ಣ ಪದ, ‘ದಟ್’.

ಆ ವಾಕ್ಯವನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು ಹೇಳುವ ಕೆಲಸ, ‘ಟೋಲ್ಡ್’. ಇನ್ನೊಂದು ತೆರೆಯುವ ಕೆಲಸ, ‘ವಿಲ್ ಓಪನ್’. ‘ಆನ್ ಸ್ಯಾಟರ್ಡೇ’ ಎನ್ನುವುದು ಯಾವಾಗ ಎಂಬುದನ್ನು ತಿಳಿಸುವ ಮಾತು. ಶಾಲೆಯಲ್ಲಿ ಇದನ್ನು ಕ್ರಿಯಾವಿಶೇಷಣ ಅಂತ ಕಲಿತಿರುತ್ತೇವೆ, ಇಂಗ್ಲಿಷಿನಲ್ಲಿ ಆಡ್‌ವರ್ಬ್. ಅದು ಎರಡೂ ಕ್ರಿಯಾಪದಗಳ ನಡುವೆ ನಿಂತಿದೆ. ಎಡಕ್ಕೆ ನೋಡಿದರೆ ಹೇಳಿದ್ದು ಶನಿವಾರ. ಬಲಕ್ಕೆ ನೋಡಿದರೆ ತೆರೆಯುವುದು ಶನಿವಾರ. ಹೀಗೆ ಎರಡೂ ಕಡೆ ನೋಡುವ ಪದಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಸ್ಕ್ವಿಂಟಿಂಗ್ ಮಾಡಿಫೈಯರ್’ ಎಂಬ ಹೆಸರೇ ಇದೆ. ಮೆಳ್ಳೆಗಣ್ಣಿನ ವಿಶೇಷಣ ಎಂದು ಅರ್ಥ. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ದೋಷ ಪದದ ಕಣ್ಣಿನಲ್ಲಿಲ್ಲ, ಅದು ನಿಂತ ಜಾಗದಲ್ಲಿದೆ.

ನಾನು ಹುಡುಗರಿಗೆ ಇದನ್ನು ಹೊಲದ ಲೆಕ್ಕದಲ್ಲಿ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರು ಹೊಲ ಇರುವ ಮನೆಯವರು. ಅಕ್ಕಪಕ್ಕದ ಎರಡು ಹೊಲ ಅಂದುಕೊಳ್ಳಿ. ಒಂದು ‘ಹೇಳಿದ’ ಎಂಬ ಹೊಲ, ಇನ್ನೊಂದು ಹೇಳಿದ ಸಂಗತಿಯ ಹೊಲ. ನಡುವೆ ಬದು ಇದ್ದರೆ ಯಾವ ಗಿಡ ಯಾರದು ಅಂತ ಜಗಳ ಬರುವುದಿಲ್ಲ. ಬದು ಕಿತ್ತುಹೋಗಿದ್ದರೆ ಅಂಚಿನಲ್ಲಿರುವ ಗಿಡಕ್ಕೆ ಇಬ್ಬರೂ ಕೈ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಆ ಬದುವೇ ‘ದಟ್’.

ಈಗ ಬದು ಹಾಕಿ ನೋಡಿ.

“ದ ಓನರ್ ಟೋಲ್ಡ್ ಮೀ ಆನ್ ಸ್ಯಾಟರ್ಡೇ ದಟ್ ದ ಲೈಬ್ರರಿ ವಿಲ್ ಓಪನ್ ಅಟ್ ಫೋರ್.” ಶನಿವಾರ ಬದುವಿನ ಈಚೆ ಇದೆ. ಅಂದರೆ ಹೇಳಿದ್ದು ಶನಿವಾರ.

“ದ ಓನರ್ ಟೋಲ್ಡ್ ಮೀ ದಟ್ ಆನ್ ಸ್ಯಾಟರ್ಡೇ ದ ಲೈಬ್ರರಿ ವಿಲ್ ಓಪನ್ ಅಟ್ ಫೋರ್.” ಶನಿವಾರ ಬದು ದಾಟಿ ಆಚೆ ಹೋಯಿತು. ತೆರೆಯುವುದು ಶನಿವಾರ.

ಪದಗಳು ಅವೇ. ‘ದಟ್’ ಒಂದು ಹೆಜ್ಜೆ ಅತ್ತಿತ್ತ ಆಯಿತು, ಅಷ್ಟೇ. ಆ ಒಂದು ಹೆಜ್ಜೆಯಲ್ಲಿ ಏಳೆಂಟು ಮಂದಿಯ ಬೆಳಗಿನ ನಿದ್ದೆ ಇತ್ತು.

ಇಷ್ಟು ಹೇಳಿದ ಮೇಲೆ ಚುರುಕಾದ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. “ಸರ, ವರ್ಬಿಗೂ ಆಬ್ಜೆಕ್ಟಿಗೂ ನಡುವ ಆಡ್‌ವರ್ಬ್ ಹಾಕಬಾರದು ಅಂತ ನೀವ ಹೇಳಿದ್ರೆಲ್ರಿ?” ಹೌದು, ಹೇಳಿದ್ದೆ. ಎಲ್ಲ ಇಂಗ್ಲಿಷ್ ಮೇಷ್ಟ್ರುಗಳೂ ಹೇಳುತ್ತಾರೆ. ಏಕೆಂದರೆ ಕನ್ನಡದವರು ಜಾಸ್ತಿ ಎಡವುವುದು ಅಲ್ಲೇ. “ಐ ಲೈಕ್ ವೆರಿ ಮಚ್ ಗಿರ್ಮಿಟ್” ಅನ್ನುತ್ತೇವೆ. ಅದು ತಪ್ಪು. “ಐ ಲೈಕ್ ಗಿರ್ಮಿಟ್ ವೆರಿ ಮಚ್” ಅನ್ನಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ಮತ್ತು ಅದರ ಕರ್ಮಪದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಇನ್ನೊಬ್ಬರು ಬರುವುದನ್ನು ಅವು ಸಹಿಸುವುದಿಲ್ಲ. ನಮ್ಮಲ್ಲಿ ಹಾಗಿಲ್ಲ. “ನನಗ ಗಿರ್ಮಿಟ್ ಭಾಳ ಸೇರತೈತಿ.” ಭಾಳ ಎನ್ನುವುದು ನಡುವೆ ಆರಾಮಾಗಿ ಕೂತಿದೆ.

ಹಾಗಾದರೆ ‘ಹೀ ಸೆಡ್ ಯೆಸ್ಟರ್ಡೇ ದಟ್...’ ಹೇಗೆ ಸರಿ? ‘ದಟ್’ನಿಂದ ಶುರುವಾಗುವ ಒಳವಾಕ್ಯವೂ ‘ಸೆಡ್’ ಎಂಬುದರ ಕರ್ಮವೇ ಅಲ್ವಾ?

ಈ ಗೊಂದಲ ಚಿಕ್ಕದಲ್ಲ. ನಿಯಮವನ್ನು ಚೆನ್ನಾಗಿ ಕಲಿತವರೇ ಇಲ್ಲಿ ಸಿಕ್ಕಿಬೀಳುತ್ತಾರೆ. ಒಮ್ಮೆ ಒಬ್ಬ ಹುಡುಗಿ ‘ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಅವರು ನಿನ್ನೆ ಹೇಳಿದರು’ ಎಂಬುದನ್ನು ಇಂಗ್ಲಿಷಿಗೆ ತರಬೇಕಿತ್ತು. ‘ಸೆಡ್’ ಆದಮೇಲೆ ‘ಯೆಸ್ಟರ್ಡೇ’ ಬರೆದಳು. ಮತ್ತೆ ನಿಯಮ ನೆನಪಾಗಿ ಹೊಡೆದುಹಾಕಿ, ಅದನ್ನು ಒಯ್ದು ವಾಕ್ಯದ ಕೊನೆಗೆ ಇಟ್ಟಳು. “ದೇ ಸೆಡ್ ದಟ್ ದಿ ಎಗ್ಸಾಮ್ ವಾಸ್ ಪೋಸ್ಟ್‌ಪೋನ್ಡ್ ಯೆಸ್ಟರ್ಡೇ.” ಈಗ ನಿನ್ನೆ ನಡೆದದ್ದು ಏನು? ಹೇಳಿದ್ದಲ್ಲ, ಪರೀಕ್ಷೆ ಮುಂದೂಡಿದ್ದು. ಮೊದಲು ಕೈಗೆ ಬಂದದ್ದೇ ಸರಿ ಇತ್ತು. ನಿಯಮಕ್ಕೆ ಹೆದರಿ ಅದನ್ನು ಅಳಿಸಿದಳು. ಆ ಹೊಡೆದುಹಾಕಿದ ಗೆರೆ ನೋಡಿ ನನಗೆ ಬೇಸರವಾಯಿತು. ನಾನು ಹೇಳಿಕೊಟ್ಟ ನಿಯಮ ಅರ್ಧದ್ದೇ ಆಗಿತ್ತು.

ಇನ್ನರ್ಧ ಇಲ್ಲಿದೆ. ಕರ್ಮ ಹಗುರವಾಗಿದ್ದರೆ ಕ್ರಿಯಾಪದದ ಪಕ್ಕದಲ್ಲೇ ಇರಬೇಕು. ಭಾರವಾಗಿದ್ದರೆ ಕೊನೆಗೆ ಹೋಗಬಹುದು. ಬಸ್ಸು ಹತ್ತುವುದನ್ನು ನೆನೆಸಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಚೀಲ ಇಟ್ಟುಕೊಂಡವರು ಬಾಗಿಲಲ್ಲಿ ಮೊದಲು ನಿಂತರೆ ಹಿಂದಿನವರು ಯಾರೂ ಹತ್ತಲಾಗುವುದಿಲ್ಲ. ಕೈಚೀಲದವರು ಮೊದಲು ಹತ್ತಲಿ, ಚೀಲ ಕೊನೆಗೆ ಬರಲಿ ಅನ್ನುತ್ತಾರೆ ಕಂಡಕ್ಟರು. ಇಂಗ್ಲಿಷ್ ವಾಕ್ಯದಲ್ಲೂ ಹಾಗೇ. ‘ಯೆಸ್ಟರ್ಡೇ’ ಒಂದು ಪದ, ಕೈಚೀಲ. ‘ದಟ್’ನಿಂದ ಶುರುವಾಗುವ ಒಳವಾಕ್ಯಕ್ಕೆ ತನ್ನದೇ ಕರ್ತೃ, ತನ್ನದೇ ಕ್ರಿಯಾಪದ, ಇನ್ನೂ ಏನೇನೋ ಇರುತ್ತವೆ. ಅದು ಮೆಣಸಿನಕಾಯಿ ಚೀಲ.

ಇದನ್ನು ಜರ್ಮನ್ ವಿದ್ವಾಂಸ ಒಟ್ಟೊ ಬೆಹಾಗೆಲ್ 1909ರಲ್ಲೇ ಗುರುತಿಸಿದ್ದರು. ಎರಡು ಭಾಗಗಳಿದ್ದರೆ ಚಿಕ್ಕದು ಮೊದಲು, ದೊಡ್ಡದು ಆಮೇಲೆ ಬರುವ ಕಡೆಗೆ ವಾಕ್ಯ ವಾಲುತ್ತದೆ ಎಂಬುದು ಅವರು ಕಂಡುಕೊಂಡ ಮಾತು. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ತಂದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ‘ಎಂಡ್ ವೆಯ್ಟ್’ ಎನ್ನುತ್ತಾರೆ. ಭಾರ ಕೊನೆಗಿರಲಿ ಎಂಬ ತತ್ವ.

ಒಂದು ಜೋಡಿ ವಾಕ್ಯ ಸಾಕು, ಇದು ಮನಸ್ಸಿಗೆ ಹಿಡಿಯಲು. “ಐ ನೋ ವೆರಿ ವೆಲ್ ಹಿಮ್.” ಇದು ತಪ್ಪು. “ಐ ನೋ ಹಿಮ್ ವೆರಿ ವೆಲ್” ಅನ್ನಬೇಕು. ಆದರೆ “ಐ ನೋ ವೆರಿ ವೆಲ್ ದಟ್ ಹೀ ಈಸ್ ಆನೆಸ್ಟ್” ಪೂರ್ತಿ ಸರಿ. ‘ಹಿಮ್’ ಒಂದು ಪುಟ್ಟ ಪದ, ಅದನ್ನು ಕಾಯಿಸುವಂತಿಲ್ಲ. ‘ದಟ್ ಹೀ ಈಸ್ ಆನೆಸ್ಟ್’ ಕಾಯುತ್ತದೆ. ಕಾದರೇ ಒಳ್ಳೆಯದು. ಇಲ್ಲಿ ‘ವೆರಿ ವೆಲ್’ ಅನ್ನು ಕೊನೆಗೆ ತಳ್ಳಿ ನೋಡಿ: “ಐ ನೋ ದಟ್ ಹೀ ಈಸ್ ಆನೆಸ್ಟ್ ವೆರಿ ವೆಲ್.” ಕೇಳಿದವರು ಬೆಪ್ಪಾಗುತ್ತಾರೆ.

ಅದೇ ಭಾರದ ಲೆಕ್ಕ ಬರೀ ಒಳವಾಕ್ಯಕ್ಕೆ ಮಾತ್ರ ಅಲ್ಲ. ‘ಅವನು ನಿನ್ನೆ ಪುಸ್ತಕ ತಂದ’ ಎನ್ನುವಾಗ ‘ಹೀ ಬ್ರಾಟ್ ಯೆಸ್ಟರ್ಡೇ ದ ಬುಕ್’ ಎನ್ನಬಾರದು. ಆದರೆ ಆ ಪುಸ್ತಕ ‘ನಾವೆಲ್ಲ ಮೂರು ತಿಂಗಳಿಂದ ಹುಡುಕುತ್ತಿದ್ದ ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ’ ಆಗಿದ್ದರೆ, ಆ ಉದ್ದದ ಕಂತೆ ‘ಯೆಸ್ಟರ್ಡೇ’ ಆದಮೇಲೆ ಬಂದರೂ ನಡೆಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇದೆಲ್ಲ ನಮಗೆ ಮೊದಲಿನಿಂದ ಗೊತ್ತಿರುವುದೇ. ಗೊತ್ತಿದೆ ಅಂತ ಗೊತ್ತಿಲ್ಲ, ಅಷ್ಟೇ.

ಆ ಮೆಸೇಜನ್ನು ಕನ್ನಡದಲ್ಲಿ ಹೇಳೋಣ. “ಲೈಬ್ರರಿ ನಾಲ್ಕಕ್ಕೆ ತೆರೀತೀವಿ ಅಂತ ಓನರ್ ಶನಿವಾರ ಹೇಳಿದ್ರು.” ಹೇಳಿದ್ದು ಶನಿವಾರ. ಯಾರಿಗೂ ಅನುಮಾನ ಬರುವುದಿಲ್ಲ. “ಶನಿವಾರ ಲೈಬ್ರರಿ ನಾಲ್ಕಕ್ಕೆ ತೆರೀತೀವಿ ಅಂತ ಓನರ್ ಹೇಳಿದ್ರು.” ತೆರೆಯುವುದು ಶನಿವಾರ. ಇದೂ ಸರಾಗ. ಇಲ್ಲಿ ಬದುವಿನ ಕೆಲಸ ಮಾಡುತ್ತಿರುವುದು ಯಾವುದು? ‘ಅಂತ’. ಬರವಣಿಗೆಯಲ್ಲಾದರೆ ‘ಎಂದು’. ಅದರ ಆಚೆ ಹೇಳಿದ ಸಂಗತಿ, ಈಚೆ ಹೇಳುವ ಕ್ರಿಯೆ.

ಎರಡನ್ನೂ ಪಕ್ಕಪಕ್ಕ ಇಡಿ. ಇಂಗ್ಲಿಷಿನ ಸಾಲು ಹೀಗೆ: ಹೇಳಿದ, ಶನಿವಾರ, ದಟ್, ಸಂಗತಿ. ಕನ್ನಡದ ಸಾಲು ಹೀಗೆ: ಸಂಗತಿ, ಅಂತ, ಶನಿವಾರ, ಹೇಳಿದ. ಕನ್ನಡಿಯಲ್ಲಿ ನೋಡಿದ ಹಾಗಿದೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಆದರೆ ಶನಿವಾರದ ನೆರೆಹೊರೆ ಬದಲಾಗಿಲ್ಲ. ಎರಡೂ ಭಾಷೆಯಲ್ಲಿ ಅದು ಹೇಳುವ ಕ್ರಿಯೆಗೂ ಬದುವಿಗೂ ನಡುವೆಯೇ ಕೂತಿದೆ. ‘ಅಂತ ನಿನ್ನೆ ಹೇಳಿದ’ ಎನ್ನುವುದನ್ನು ಹಿಂದುಮುಂದು ಮಾಡಿದರೆ ‘ಸೆಡ್ ಯೆಸ್ಟರ್ಡೇ ದಟ್’ ಆಗುತ್ತದೆ. ಆ ಹುಡುಗಿಯ ಕೈ ಮೊದಲು ಸರಿಯಾಗಿ ಬರೆದದ್ದು ಸುಮ್ನೆ ಅಲ್ಲ. ಅವಳ ಕನ್ನಡ ಅವಳಿಗೆ ದಾರಿ ತೋರಿಸಿತ್ತು.

ಈ ಎರಡು ಬದುಗಳ ಹುಟ್ಟು ಮಾತ್ರ ಬೇರೆ ಬೇರೆ. ‘ದಟ್’ ಮೂಲದಲ್ಲಿ ‘ಅದು’ ಎಂದು ತೋರಿಸುವ ಪದ. ‘ಅವನು ಅದನ್ನು ಹೇಳಿದ: ಮಳೆ ಬರುತ್ತದೆ’ ಎನ್ನುವಂಥ ಮಾತಿನಿಂದ ಬೆಳೆದು ಜೋಡಿಸುವ ಪದವಾಯಿತು. ನಮ್ಮ ‘ಎಂದು’ ಬಂದದ್ದು ‘ಎನ್’ ಧಾತುವಿನಿಂದ. ‘ಎಂದು’ ಅಂದರೆ ‘ಹೇಳಿ’ ಅಂತಲೇ ಅರ್ಥ. ಒಬ್ಬರು ಬೆರಳು ತೋರಿಸಿದರು, ಇನ್ನೊಬ್ಬರು ಬಾಯಿ ತೆರೆದರು. ಇಬ್ಬರೂ ಸೇರಿದ್ದು ಒಂದೇ ಕೆಲಸಕ್ಕೆ. ಇಂಥ ವಿಷಯಗಳಲ್ಲಿ ಆಸೆ ಇರುವವರು ಕಿಟೆಲ್ ಅವರ ಕನ್ನಡ ವ್ಯಾಕರಣವನ್ನು ಒಮ್ಮೆ ತಿರುವಿ ನೋಡಬೇಕು. 1903ರಲ್ಲಿ ಬಂದದ್ದು, ಇಂಗ್ಲಿಷಿನಲ್ಲಿದೆ. ಅವರ ಹೆಸರಿನ ಕಾಲೇಜು ನಮ್ಮ ಧಾರವಾಡದಲ್ಲೇ ಇದೆ.

ಕನ್ನಡಿ ಅಂದಮೇಲೆ ಅಪಾಯವೂ ಕನ್ನಡಿಯಲ್ಲಿ ಕಂಡ ಹಾಗೇ ಇರಬೇಕು. ಇದೆ. “ಓನರ್ ಶನಿವಾರ ಲೈಬ್ರರಿ ನಾಲ್ಕಕ್ಕೆ ತೆರೀತೀವಿ ಅಂತ ಹೇಳಿದ್ರು.” ಈಗ ಹೇಳಿ, ಶನಿವಾರ ಯಾವುದಕ್ಕೆ? ಹೇಳಿದ್ದಕ್ಕೋ, ತೆರೆಯುವುದಕ್ಕೋ? ಗೊತ್ತಾಗುವುದಿಲ್ಲ. ‘ಅಂತ’ ಇದ್ದರೂ ಗೊತ್ತಾಗುವುದಿಲ್ಲ. ಏಕೆಂದರೆ ಕನ್ನಡದ ಬದು ಸಂಗತಿಯ ಬಲಕ್ಕೆ ಮಾತ್ರ ಇದೆ. ಎಡಕ್ಕೆ ಇಲ್ಲ. ಸಂಗತಿ ಎಲ್ಲಿ ಶುರುವಾಯಿತು ಎಂದು ತೋರಿಸುವ ಗುರುತು ನಮ್ಮಲ್ಲಿಲ್ಲ, ಎಲ್ಲಿ ಮುಗಿಯಿತು ಎಂಬುದಕ್ಕಷ್ಟೇ ಇದೆ. ಶನಿವಾರ ಎಡಗಡೆ ನಿಂತರೆ ಕನ್ನಡದಲ್ಲಿ ಜಗಳ.

ಇಂಗ್ಲಿಷಿಗೆ ಬದು ಇರುವುದು ಎಡಕ್ಕೆ ಮಾತ್ರ. ಬಲಕ್ಕೆ ಬಯಲು. “ದ ಓನರ್ ಟೋಲ್ಡ್ ಮೀ ದಟ್ ದ ಲೈಬ್ರರಿ ವುಡ್ ಓಪನ್ ಅಟ್ ಫೋರ್ ಆನ್ ಸ್ಯಾಟರ್ಡೇ.” ಕೊನೆಯ ಶನಿವಾರ ಒಳಗಿನದೋ ಹೊರಗಿನದೋ ಎಂದು ಹಟ ಹಿಡಿದು ವಾದಿಸಬಹುದು. ಆದರೆ ಓದುವವರು ಸಾಮಾನ್ಯವಾಗಿ ಹತ್ತಿರದ ಕ್ರಿಯಾಪದಕ್ಕೇ ಅದನ್ನು ಕಟ್ಟುತ್ತಾರೆ. ಅಂದರೆ ‘ಓಪನ್’ಗೆ. ಹಾಗಾಗಿ ಒಳಗಿನ ಶನಿವಾರವನ್ನು ಕೊನೆಯಲ್ಲಿ ಇಟ್ಟರೆ ಜಾಸ್ತಿ ತೊಂದರೆ ಇಲ್ಲ. ಹೊರಗಿನ ಶನಿವಾರವನ್ನು ಅಲ್ಲಿ ಇಡಬೇಡಿ. ‘ದಟ್’ ಕೂಡ ಕಿತ್ತುಹಾಕಿದರೆ ಇಂಗ್ಲಿಷಿಗೆ ಎರಡೂ ಕಡೆ ಬದು ಇಲ್ಲ. ಆ ಗುರುವಾರದ ಮೆಸೇಜಿಗೆ ಆದದ್ದು ಅದೇ.

ಕನ್ನಡದಲ್ಲಿ ಭಾರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಗಮನಿಸಿ. ‘ಓನರ್ ಲೈಬ್ರರಿ ನಾಲ್ಕಕ್ಕೆ ತೆರೀತೀವಿ ಅಂತ ಶನಿವಾರ ಹೇಳಿದ್ರು’ ಎನ್ನುವುದಕ್ಕಿಂತ, ಉದ್ದದ ಸಂಗತಿಯನ್ನು ಮೊದಲೇ ಹೇಳಿ ಮುಗಿಸಿ ‘ಓನರ್ ಶನಿವಾರ ಹೇಳಿದ್ರು’ ಅನ್ನುವುದು ಕಿವಿಗೆ ಹಿತ. ನಮ್ಮ ಕ್ರಿಯಾಪದ ಕೊನೆಗೆ ಬರುವುದರಿಂದ ದೊಡ್ಡ ಚೀಲ ಮೊದಲು, ಕೈಚೀಲ ಆಮೇಲೆ. ಜಪಾನಿ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಹಿರೋಕೊ ಯಮಶಿತಾ ಮತ್ತು ಫ್ರಾಂಕ್ಲಿನ್ ಚಾಂಗ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಪಾನಿ ಮಾತಾಡುವವರು ಉದ್ದದ್ದನ್ನು ಮುಂದಕ್ಕೆ ತರುವ ಒಲವು ತೋರಿದರು. ಬೆಹಾಗೆಲ್ ಕಂಡದ್ದರ ತಿರುವು ಇದು. ಈ ಎರಡೂ ಬಗೆಯ ಭಾಷೆಗಳಲ್ಲಿ ಕ್ರಿಯಾಪದಕ್ಕೆ ಬೇಕಾದ ಸಣ್ಣ ಪದಗಳು ಸಾಮಾನ್ಯವಾಗಿ ಅದರ ಹತ್ತಿರ ಉಳಿಯುತ್ತವೆ. ದೊಡ್ಡದು ಹೊರಗಿನ ಅಂಚಿಗೆ ಸರಿಯುತ್ತದೆ. ಇಂಗ್ಲಿಷಿಗೆ ಆ ಅಂಚು ಬಲಕ್ಕೆ, ನಮಗೆ ಎಡಕ್ಕೆ.

ಇನ್ನು ‘ದಟ್’ ಬಿಡುವ ಮಾತು. ಬಿಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. “ಐ ಥಿಂಕ್ ಹೀ ಈಸ್ ರೈಟ್.” ಇದರಲ್ಲಿ ‘ದಟ್’ ಇಲ್ಲ, ಬೇಕಾಗಿಯೂ ಇಲ್ಲ. ‘ಸೇ’, ‘ಥಿಂಕ್’, ‘ನೋ’ ಇಂಥ ದಿನಬಳಕೆಯ ಕ್ರಿಯಾಪದಗಳ ಜೊತೆ ಮಾತಿನಲ್ಲಿ ‘ದಟ್’ ಉದುರಿಹೋಗುವುದು ಸಹಜ. ಆದರೆ ಕ್ರಿಯಾಪದಕ್ಕೂ ಒಳವಾಕ್ಯಕ್ಕೂ ನಡುವೆ ಇನ್ನೊಂದು ಪದ ಬಂದು ಕೂತಿತೋ, ‘ದಟ್’ ಇರಲೇಬೇಕು ಅಂತ ಇಟ್ಟುಕೊಳ್ಳಿ. ಪದ ಕಡಿಮೆ ಮಾಡುವುದನ್ನೇ ಕಸುಬು ಮಾಡಿಕೊಂಡ ಪತ್ರಕರ್ತರೂ ಇಲ್ಲಿ ‘ದಟ್’ ಬಿಡುವುದಿಲ್ಲ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ಸಿನ ಬರವಣಿಗೆಯ ಕೈಪಿಡಿಯೂ ಇದನ್ನೇ ಹೇಳುತ್ತದೆ. ಕ್ರಿಯಾಪದಕ್ಕೂ ಒಳವಾಕ್ಯಕ್ಕೂ ನಡುವೆ ಸಮಯ ಸೂಚಿಸುವ ಪದ ಬಂದರೆ ಸಾಮಾನ್ಯವಾಗಿ ‘ದಟ್’ ಬೇಕು.

ಇದು ಬರೀ ಪರೀಕ್ಷೆಯ ಅಂಕಗಳ ಮಾತಲ್ಲ. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಇದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ವಕೀಲರ ಹತ್ತಿರ ಟೈಪಿಂಗ್ ಮಾಡುತ್ತಾರೆ. ಅವರಿಗೆ ನಾನು ಕೊಡುವ ಉದಾಹರಣೆ ಇದು: “ದ ವಿಟ್ನೆಸ್ ಸ್ಟೇಟೆಡ್ ಆನ್ 5 ಮಾರ್ಚ್ ದಿ ಅಕ್ಯೂಸ್ಡ್ ಲೆಫ್ಟ್ ಧಾರವಾಡ.” ಮಾರ್ಚ್ 5 ಸಾಕ್ಷಿ ಹೇಳಿಕೆ ಕೊಟ್ಟ ದಿನವೋ, ಆರೋಪಿ ಊರು ಬಿಟ್ಟ ದಿನವೋ? ಮಾರ್ಚ್ 6ಕ್ಕೆ ಊರಿನಲ್ಲಿ ಏನಾದರೂ ನಡೆದಿದ್ದರೆ, ಆ ಒಂದು ಸಾಲಿನ ಮೇಲೆ ಒಬ್ಬ ಮನುಷ್ಯನ ಬದುಕು ನಿಂತಿರಬಹುದು. ಹೇಳಿಕೆಯ ದಿನವಾದರೆ ‘ಆನ್ 5 ಮಾರ್ಚ್ ದಟ್’. ಊರು ಬಿಟ್ಟ ದಿನವಾದರೆ ‘ದಟ್ ಆನ್ 5 ಮಾರ್ಚ್’. ಅಷ್ಟು ಬರೆಯಲು ಐದು ಸೆಕೆಂಡು ಸಾಕು.

‘ಟೆಲ್’, ‘ಇನ್ಫಾರ್ಮ್’ ಥರದ ಕ್ರಿಯಾಪದಗಳಿಗೆ ಒಂದು ಮಾತು. ಅವಕ್ಕೆ ಯಾರಿಗೆ ಹೇಳಿದ್ದು ಎಂಬುದು ಬೇಕು, ಅದು ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು. ‘ಟೋಲ್ಡ್ ಮೀ ಯೆಸ್ಟರ್ಡೇ ದಟ್’ ಸರಿ. ‘ಟೋಲ್ಡ್ ಯೆಸ್ಟರ್ಡೇ ಮೀ ದಟ್’ ತಪ್ಪು. ‘ಮೀ’ ಹಗುರ, ಕಾಯುವುದಿಲ್ಲ. ನಮ್ಮ ಕಡೆಯ ಅರ್ಜಿಗಳಲ್ಲಿ ‘ಹೀ ಇನ್ಫಾರ್ಮ್ಡ್ ದಟ್’ ಅಂತ ಬರೆಯುವುದು ರೂಢಿಯಾಗಿಬಿಟ್ಟಿದೆ. ‘ಇನ್ಫಾರ್ಮ್ಡ್ ಅಸ್ ದಟ್’ ಅಂತ ಆಗಬೇಕು.

ಇಷ್ಟು ಹೊತ್ತು ಸಮಯದ ಪದಗಳನ್ನೇ ನೋಡಿದೆವು. ಹೇಗೆ ಎಂಬುದನ್ನು ತಿಳಿಸುವ ಪದಗಳಿಗೂ ಈ ಜಾಗ ಸಲ್ಲುತ್ತದೆ. “ಶೀ ಎಕ್ಸ್‌ಪ್ಲೇನ್ಡ್ ಪೇಶಂಟ್ಲಿ ದಟ್ ದ ಫಾರ್ಮ್ ವಾಸ್ ರಾಂಗ್.” ಫಾರ್ಮು ತಪ್ಪಾಗಿದೆ ಎಂದು ತಾಳ್ಮೆಯಿಂದ ವಿವರಿಸಿದಳು. ಆದರೆ ಕೆಲವು ಪದಗಳು ಕ್ರಿಯಾಪದದ ಹಿಂದೆ ಹೋದರೆ ಒಂದರ್ಥ, ಮುಂದೆ ಬಂದರೆ ಇನ್ನೊಂದರ್ಥ. ‘ಕ್ಲಿಯರ್ಲಿ’ ಅಂಥದ್ದು. “ಹೀ ಸೆಡ್ ಕ್ಲಿಯರ್ಲಿ ದಟ್ ದ ಫೀ ವಾಸ್ ಪೇಡ್” ಎಂದರೆ ಅವನು ಸ್ಪಷ್ಟವಾದ ಮಾತಿನಲ್ಲಿ ಹೇಳಿದ. “ಹೀ ಕ್ಲಿಯರ್ಲಿ ಸೆಡ್ ದಟ್ ದ ಫೀ ವಾಸ್ ಪೇಡ್” ಎಂದರೆ ಹಾಗೂ ಇರಬಹುದು, ‘ಅವನು ಹೇಳಿದ್ದಂತೂ ನಿಜ’ ಎಂದೂ ಇರಬಹುದು. ಈ ಎರಡನೆಯ ಅರ್ಥದಲ್ಲಿ ಸ್ಪಷ್ಟವಾಗಿರುವುದು ಅವನ ಮಾತಲ್ಲ, ನಮ್ಮ ಖಾತ್ರಿ. ದೂರು ಬರೆಯುವಾಗ ಈ ವ್ಯತ್ಯಾಸ ದೊಡ್ಡದು.

‘ಆಲ್ವೇಸ್’, ‘ನೆವರ್’, ‘ಆಲ್‌ಮೋಸ್ಟ್’, ‘ಹಾರ್ಡ್ಲಿ’ ಇವು ಮಾತ್ರ ನಡುವೆ ಬರುವುದಿಲ್ಲ. ಇವುಗಳ ಜಾಗ ಕ್ರಿಯಾಪದದ ಮುಂದೆ. “ಐ ಆಲ್ವೇಸ್ ಥಾಟ್ ದಟ್” ಸರಿ, “ಐ ಥಾಟ್ ಆಲ್ವೇಸ್ ದಟ್” ಅಲ್ಲ. ‘ಫರ್ಮ್ಲಿ ಬಿಲೀವ್’, ‘ಸ್ಟ್ರಾಂಗ್ಲಿ ಸಜೆಸ್ಟ್’ ಎಂಬ ಜೋಡಿಗಳೂ ಹಾಗೇ ರೂಢಿಯಲ್ಲಿ ಕೂಡಿಕೊಂಡಿವೆ. ಅವನ್ನು ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು.

ನಡುವಿನ ಜಾಗ ಕೈಚೀಲಕ್ಕೆ ಅಂತ ಹೇಳಿದೆ. ಅಲ್ಲಿಗೆ ಇನ್ನೊಂದು ಮೆಣಸಿನಕಾಯಿ ಚೀಲ ತಂದಿಡಬಾರದು. ‘ಹುಬ್ಬಳ್ಳಿಯ ಕಚೇರಿಯಲ್ಲಿ ಸೋಮವಾರ ಸಂಜೆ ನೌಕರರ ಜೊತೆ ನಡೆದ ಸಭೆ ಮುಗಿದ ಮೇಲೆ’ ಎಂಬಷ್ಟು ಉದ್ದದ ಮಾತನ್ನು ‘ಸೆಡ್’ಗೂ ‘ದಟ್’ಗೂ ನಡುವೆ ತುರುಕಿದರೆ ಓದುವವರು ‘ಸೆಡ್’ ಅನ್ನೇ ಮರೆತುಬಿಡುತ್ತಾರೆ. ಅಂಥದ್ದನ್ನು ವಾಕ್ಯದ ಮೊದಲಿಗೇ ತನ್ನಿ. ಮೊದಲು ‘ಆಫ್ಟರ್ ಎ ಮೀಟಿಂಗ್’ ಇತ್ಯಾದಿ, ಆಮೇಲೆ ಒಂದು ಕಾಮಾ, ಆಮೇಲೆ ‘ಹೀ ಸೆಡ್ ದಟ್’. ವಾಕ್ಯದ ಮೊದಲ ಜಾಗ ಹೇಳುವ ಕ್ರಿಯೆಯ ಹೊಲದ್ದೇ. ಅಲ್ಲಿ ಬದುವಿನ ತಂಟೆ ಇಲ್ಲ.

ಅನುಮಾನ ಬಂದಾಗ ನಾನು ಮಾಡುವುದು ಇಷ್ಟು. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುತ್ತೇನೆ. ಆ ಪದ ‘ಅಂತ’ ಆದಮೇಲೆ ಬರುತ್ತದೋ, ಮೊದಲು ಬರುತ್ತದೋ ನೋಡುತ್ತೇನೆ. ‘ಅಂತ’ ಆದಮೇಲೆ ಬಂದರೆ ಇಂಗ್ಲಿಷಿನಲ್ಲಿ ‘ದಟ್’ಗಿಂತ ಮೊದಲು. ‘ಅಂತ’ಕ್ಕಿಂತ ಮೊದಲಿದ್ದರೆ ಇಂಗ್ಲಿಷಿನಲ್ಲಿ ‘ದಟ್’ ಆದಮೇಲೆ. ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಕೆಡುತ್ತದೆ ಅಂತ ನಮಗೆ ಹೆದರಿಸಿದ್ದಾರೆ. ಇಲ್ಲಿ ಕನ್ನಡವೇ ಅಳತೆಪಟ್ಟಿ. ಆ ಹುಡುಗಿಗೆ ನಾನು ಮೊದಲ ದಿನವೇ ಇದನ್ನು ಹೇಳಬೇಕಿತ್ತು.

ಆ ವಾರದ ಭಾನುವಾರ ಸಂಜೆ ಲೈಬ್ರರಿ ನೋಡಿಕೊಳ್ಳುವ ಹುಡುಗ ನಮ್ಮ ಕ್ಲಾಸಿಗೆ ಬಂದ. ಅವನೂ ರೈಲ್ವೆ ಪರೀಕ್ಷೆಗೆ ಓದುತ್ತಿದ್ದಾನೆ. ಚಳಿಯಲ್ಲಿ ಕೂತಿದ್ದವರೇ ಕರೆದುಕೊಂಡು ಬಂದಿದ್ದರು. ಬೋರ್ಡಿನ ಮೇಲೆ ತನ್ನ ಮೆಸೇಜನ್ನು ತಾನೇ ಬರೆದ. ‘ದಟ್’ ಅನ್ನು ಒಮ್ಮೆ ಶನಿವಾರದ ಹಿಂದೆ, ಒಮ್ಮೆ ಮುಂದೆ ಇಟ್ಟು ನೋಡಿದ. ಆಮೇಲೆ ಒಂದು ಪ್ರಶ್ನೆ ಕೇಳಿದ. “ಸರ, ‘ಹೀ ಸೆಡ್ ದಟ್ ಯೆಸ್ಟರ್ಡೇ’ ಅಂತ ಅಷ್ಟಕ್ಕ ನಿಲ್ಲಿಸಿದ್ರ? ಬದುವಿನ ಆಚೆ ಹೊಲಾನ ಇಲ್ಲಲ್ರಿ.”

ಆಚೆ ಹೊಲ ಇಲ್ಲ, ಏಕೆಂದರೆ ಅಲ್ಲಿ ‘ದಟ್’ ಬದುವಲ್ಲ. ಅದು ಹಳೆಯ ‘ಅದು’. ‘ಅವನು ಅದನ್ನು ನಿನ್ನೆ ಹೇಳಿದ’ ಎಂದು ಅರ್ಥ. ಹಾಗಾಗಿ ಅದು ‘ಹಿಮ್’ನ ಥರ ಪುಟ್ಟ ಕರ್ಮ. ‘ಸೆಡ್’ಗೆ ಅಂಟಿಕೊಂಡಿದೆ, ‘ಯೆಸ್ಟರ್ಡೇ’ ಅದರ ಹಿಂದೆ ಬಂದಿದೆ. ಕಿವಿಗೆ ಇವೆರಡೂ ಬೇರೆಯೇ. ಬದುವಾದ ‘ದಟ್’ ಅನ್ನು ತೇಲಿಸಿ, ಒತ್ತು ಕೊಡದೆ ಹೇಳುತ್ತಾರೆ. ‘ಅದು’ ಎಂಬ ಅರ್ಥದ್ದನ್ನು ಬಾಯಿ ತುಂಬಾ ‘ದ್ಯಾಟ್’ ಎನ್ನುತ್ತಾರೆ. ಎರಡನ್ನೂ ಜೋರಾಗಿ ಹೇಳಿ ನೋಡು ಅಂದೆ. ಅವನು ಬೋರ್ಡಿನ ಮುಂದೆ ನಿಂತು ಹೇಳಿದ. ಹಿಂದಿನ ಬೆಂಚಿನವರೂ ಅವನ ಜೊತೆ ಹೇಳತೊಡಗಿದರು. ಹೀ ಸೆಡ್ ದ್ಯಾಟ್ ಯೆಸ್ಟರ್ಡೇ. ಹೀ ಸೆಡ್ ಯೆಸ್ಟರ್ಡೇ ದಟ್...